ಅಳಿಸಿದ ಹೆಸರು, ಉಳಿದ ಋಣ

ಡಿ.ಜೆ. ಎಂದೊಡನೆ ನಮ್ಮ ಮನೆಗಳ ಹಿರಿಯರಿಗೆ ನೆನಪಾಗುವುದು ಮದುವೆಯ ಸತ್ಕಾರಕೂಟದಲ್ಲಿ ಕಿವಿಗಡಚಿಕ್ಕುವ ಧ್ವನಿವರ್ಧಕ. “ಹಾಡುವವನು ಇವನಲ್ಲ, ವಾದ್ಯ ನುಡಿಸುವವನೂ ಇವನಲ್ಲ, ಯಾರೋ ಹಾಡಿದ್ದನ್ನು ಹಾಕಿ ಹಣ ಪಡೆಯುತ್ತಾನೆ. ಇದೂ ಒಂದು ಕಲೆಯೇ?” ಎಂದು ಕೇಳುವವರುಂಟು. ಈ ಪ್ರಶ್ನೆಯ ಒಳಗೆ ಇನ್ನೂ ಗಂಭೀರವಾದ ಮತ್ತೊಂದು ಪ್ರಶ್ನೆ ಅಡಗಿದೆ: ಅನ್ಯರ ಶ್ರಮದ ಫಲವನ್ನು ಉಣ್ಣುವವನು ಅವರಿಗೆ ಸಲ್ಲಿಸಬೇಕಾದುದೇನು?

ಉತ್ತರಕ್ಕಾಗಿ ಈ ಕಸುಬು ಬೆಳೆದ ಅಮೆರಿಕದ ಕಡೆಗೇ ನೋಡೋಣ. ಅಲ್ಲಿನ ನಗರಗಳಲ್ಲಿ ವಾರಕ್ಕೊಮ್ಮೆ, ಗೊತ್ತಾದ ಬಾರಿನಲ್ಲಿ, ಡಿ.ಜೆ. ಒಬ್ಬನು ಫಂಕ್, ಸೋಲ್, ಹಿಪ್-ಹಾಪ್ ಹಾಡುಗಳನ್ನು ಬೆಸೆದು ಕೇಳಿಸುವ ರೂಢಿಯಿದೆ. ಅವನ ಮುಂದೆ ಎರಡು ಟರ್ನ್‌ಟೇಬಲ್, ನಡುವೆ ಮಿಕ್ಸರ್, ಪಕ್ಕದಲ್ಲಿ ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆ. ಜನರು ಒಂದು ಹಾಡನ್ನು ಕೇಳುತ್ತಿರುವಾಗಲೇ ಮುಂದಿನ ಹಾಡನ್ನು ಅವನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಆಲಿಸುತ್ತಾನೆ. ಈ ಕಸುಬಿನವರ ಅಚ್ಚುಮೆಚ್ಚಿನ ಟೆಕ್ನಿಕ್ಸ್ ಯಂತ್ರದ 1979ರ ಮಾದರಿಯಲ್ಲಿ ತಟ್ಟೆಯ ವೇಗವನ್ನು ಶೇಕಡಾ 8ರಷ್ಟು ಏರಿಸಬಹುದು, ಇಳಿಸಬಹುದು. ನಿಮಿಷಕ್ಕೆ 100 ಪೆಟ್ಟಿನ ಫಂಕ್ ಹಾಡನ್ನು 92ಕ್ಕೆ ಇಳಿಸಿ, ನಿಧಾನಗತಿಯ ಹಿಪ್-ಹಾಪ್ ಹಾಡಿಗೆ ಜೋಡಿಸಿದಾಗ ಕುಣಿಯುವವರ ಹೆಜ್ಜೆ ತಪ್ಪುವುದಿಲ್ಲ. ಇದಕ್ಕೆ ತಾಳ್ಮೆ ಬೇಕು, ಎಚ್ಚರದ ಕಿವಿ ಬೇಕು. ಇದು ಆಲಿಸುವಿಕೆಯ ಕಲೆಯೆಂದು ಒಪ್ಪಲು ಅಡ್ಡಿಯಿಲ್ಲ.

ಆದರೆ ಆ ಪೆಟ್ಟಿಗೆಯಲ್ಲಿರುವುದು ಯಾರ ಬೆವರು? ಸೋಲ್ ಸಂಗೀತದ ತಾಯಿಬೇರು ಕರಿಯ ಜನಾಂಗದ ದೇವಾಲಯಗಳಲ್ಲಿದೆ. 1954ರಲ್ಲಿ ರೇ ಚಾರ್ಲ್ಸ್ ಅವರು ಭಕ್ತಿಗೀತೆಯೊಂದರ ಧಾಟಿಗೆ ಲೌಕಿಕ ಪ್ರೇಮದ ಮಾತುಗಳನ್ನು ತೊಡಿಸಿದಾಗ ಹಲವು ಭಕ್ತರು ನೊಂದುಕೊಂಡರು. ಅರೀಥಾ ಫ್ರಾಂಕ್ಲಿನ್ ಅವರ ಕಂಠ ಪಳಗಿದ್ದು ಡೆಟ್ರಾಯಿಟ್‌ನಲ್ಲಿ, ತಂದೆ ಬೋಧಕರಾಗಿದ್ದ ದೇವಾಲಯದಲ್ಲಿ. ಹಿಪ್-ಹಾಪ್ ತನ್ನ ಹುಟ್ಟುಹಬ್ಬವೆಂದು ಆಚರಿಸುವ ದಿನ 1973ರ ಆಗಸ್ಟ್ 11. ಅಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕಾದಿಂದ ಬಂದ ಕೂಲ್ ಹರ್ಕ್ ಎಂಬ ಹದಿನೆಂಟರ ತರುಣ ತನ್ನ ತಂಗಿ ಏರ್ಪಡಿಸಿದ ಕೂಟಕ್ಕೆ ಹಾಡುಗಳನ್ನು ಹಾಕಿದನು. ಹಾಡು ನಿಂತು ಡ್ರಮ್ ಮಾತ್ರ ಮೊಳಗುವ ಘಳಿಗೆಗೆ ಜನರು ಹುರುಪಿನಿಂದ ಕುಣಿಯುವುದನ್ನು ಗಮನಿಸಿದ್ದ ಅವನು, ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು ಆ ಘಳಿಗೆಯನ್ನು ಮತ್ತೆ ಮತ್ತೆ ಮರಳಿಸುವ ವಿಧಾನವನ್ನು ಕಂಡುಕೊಂಡನು.

ಅಂಥ ಘಳಿಗೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1969ರಲ್ಲಿ ವಿನ್‌ಸ್ಟನ್ಸ್ ತಂಡ ಹೊರತಂದ ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತದಲ್ಲಿದೆ. ಅದರ ಮೂಲವೂ ‘ಆಮೆನ್’ ಎಂಬ ಭಕ್ತಿಗೀತೆಯೇ. ಗ್ರೆಗರಿ ಕೋಲ್ಮನ್ ಅವರು ಅದರಲ್ಲಿ ಆರೇಳು ಸೆಕೆಂಡು ಡ್ರಮ್ ಬಾರಿಸಿದರು. ಆ ತುಣುಕು ಮುಂದೆ ಸಾವಿರಾರು ಹಾಡುಗಳಲ್ಲಿ ಬಳಕೆಯಾಯಿತು. ಕೋಲ್ಮನ್ ಅವರಿಗೆ ಅದರಿಂದ ಬಿಡಿಗಾಸೂ ದೊರೆಯಲಿಲ್ಲ. 2006ರಲ್ಲಿ ಅವರು ಕಡುಬಡತನದಲ್ಲಿ ತೀರಿಕೊಂಡರು.

ಹಾಗಾದರೆ ಬಾರಿನ ಡಿ.ಜೆ. ಕಳ್ಳನೇ? 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಬೇರೊಬ್ಬರ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಹೊಸ ಹಿಪ್-ಹಾಪ್ ಹಾಡಿಗೆ ಸೇರಿಸಿದ್ದ ಮೊಕದ್ದಮೆಯಲ್ಲಿ, ಕಳ್ಳತನವನ್ನು ನಿಷೇಧಿಸುವ ದೇವಾಜ್ಞೆಯಿಂದಲೇ ತನ್ನ ತೀರ್ಪನ್ನು ಆರಂಭಿಸಿತು. ನಮ್ಮ ಡಿ.ಜೆ.ಯ ಸಂಗತಿ ಹಾಗಲ್ಲ. ಅವನು ತಟ್ಟೆಯನ್ನು ಹಣ ಕೊಟ್ಟು ಕೊಂಡಿದ್ದಾನೆ. ಬಾರಿನವರು ಹಕ್ಕುಸಂಸ್ಥೆಗಳಿಗೆ ಶುಲ್ಕ ಕಟ್ಟುತ್ತಾರೆ. ಆದರೆ ಆ ಶುಲ್ಕ ಸೇರುವುದು ಹಾಡು ರಚಿಸಿದವರನ್ನು ಮತ್ತು ಪ್ರಕಾಶಕರನ್ನು. ತಟ್ಟೆಯು ಬಾರಿನಲ್ಲಿ ತಿರುಗಿದ್ದಕ್ಕೆ ಅದರಲ್ಲಿ ಹಾಡಿದವರಿಗೂ ಡ್ರಮ್ ಬಾರಿಸಿದವರಿಗೂ ಅಮೆರಿಕದ ಕಾನೂನು ಯಾವ ಪಾಲನ್ನೂ ವಿಧಿಸಿಲ್ಲ. ಕಾನೂನು ತೃಪ್ತವಾಯಿತು, ಋಣ ಮಾತ್ರ ಉಳಿಯಿತು.

ಇಂಥ ಋಣದ ಕುರಿತು ಸಂತ ತೋಮಸ್ ಅಕ್ವಿನಾಸರು ಆಳವಾಗಿ ಚಿಂತಿಸಿದ್ದಾರೆ. ಅವರ ಪ್ರಕಾರ ಕೃತಜ್ಞತೆಗೆ ಮೂರು ಮೆಟ್ಟಿಲುಗಳಿವೆ: ಪಡೆದ ಉಪಕಾರವನ್ನು ಗುರುತಿಸುವುದು, ಅದನ್ನು ಬಾಯ್ತೆರೆದು ಹೇಳಿ ವಂದಿಸುವುದು, ಶಕ್ತ್ಯನುಸಾರ ತಕ್ಕ ಕಾಲದಲ್ಲಿ ಮರಳಿಸುವುದು. ಮರಳಿಸದಿರುವುದು ಕೃತಘ್ನತೆಯೇ, ಆದರೆ ಪಡೆದುದನ್ನೇ ಮರೆಯುವುದು ಅದರ ಪರಾಕಾಷ್ಠೆ. ಮೂರನೆಯ ಮೆಟ್ಟಿಲು ಎಲ್ಲರಿಗೂ ಎಟುಕದು. ಒಂದು ರಾತ್ರಿಯ ಸಂಪಾದನೆಯಿಂದ ನೂರು ಕಲಾವಿದರ ಋಣವನ್ನು ಯಾವ ಡಿ.ಜೆ. ತೀರಿಸಬಲ್ಲ? ಮೊದಲೆರಡು ಮೆಟ್ಟಿಲುಗಳಿಗಾದರೋ ಹಣ ಬೇಕಿಲ್ಲ. ಆದರೂ ಎಡವುವುದು ಅಲ್ಲಿಯೇ. ಪ್ರತಿಸ್ಪರ್ಧಿಗಳಿಗೆ ಹಾಡಿನ ಗುಟ್ಟು ತಿಳಿಯಬಾರದೆಂದು ಕೂಲ್ ಹರ್ಕ್ ತಟ್ಟೆಗಳ ಮೇಲಿನ ಹೆಸರಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದನು. ವ್ಯಾಪಾರದ ಜಾಣ್ಮೆ ಎಂದು ಇದನ್ನು ಮೆಚ್ಚಬಹುದು. ಆದರೆ ಚೀಟಿಯೊಂದಿಗೆ ಕಿತ್ತುಹೋದುದು ಒಬ್ಬ ಮನುಷ್ಯನ ಹೆಸರು.

‘ಹೆಸರು ಹೇಳಿದರೆ ಹೊಟ್ಟೆ ತುಂಬೀತೇ?’ ಎಂದು ಕೇಳಬಹುದು. ತುಂಬದು, ನಿಜ. ಆದರೆ ಹೆಸರು ಅಳಿದಲ್ಲಿ ನ್ಯಾಯ ಆರಂಭವೇ ಆಗದು. 2015ರಲ್ಲಿ ಅಭಿಮಾನಿಗಳು ಸುಮಾರು 24,000 ಪೌಂಡ್ ಕೂಡಿಸಿ ವಿನ್‌ಸ್ಟನ್ಸ್ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಅರ್ಪಿಸಿದರು. ಆ ನಾದ ಯಾರದೆಂದು ತಿಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಕೋಲ್ಮನ್ ಅವರು ತೀರಿಕೊಂಡು ಆಗಲೇ ಒಂಬತ್ತು ವರ್ಷ ಕಳೆದಿತ್ತು.

ಆದುದರಿಂದ ವಾರವಾರವೂ ಅದೇ ಜನರ ಮುಂದೆ ನಿಲ್ಲುವ ಡಿ.ಜೆ.ಗೆ ಒಂದು ಕರ್ತವ್ಯವಿದೆ: ತಟ್ಟೆಯ ಹೊದಿಕೆಯನ್ನು ಎಲ್ಲರಿಗೂ ಕಾಣುವಂತೆ ಇಡಲಿ, ಕೇಳಿದವರಿಗೆ ಹಾಡಿದವರ, ನುಡಿಸಿದವರ ಹೆಸರನ್ನು ಮುಚ್ಚುಮರೆಯಿಲ್ಲದೆ ಹೇಳಲಿ, ಬದುಕಿರುವ ಕಲಾವಿದರ ತಟ್ಟೆಗಳನ್ನು ಅವರಿಂದಲೇ ಕೊಳ್ಳಲಿ.

ಪ್ರಿಯ ಓದುಗರೇ, ಬಾರಿಗೆ ಕಾಲಿಡದ ನಾವೂ ಈ ವಿಚಾರಣೆಯಿಂದ ಹೊರಗಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ನಾವು ಭಕ್ತಿಯಿಂದ ಹಾಡುವ ಗೀತೆಗಳನ್ನು ಬರೆದವರು ಯಾರು, ರಾಗ ಹೊಂದಿಸಿದವರು ಯಾರು? ನಮ್ಮ ಮನೆಯ ಗೋಡೆ ಕಟ್ಟಿದ ಮೇಸ್ತ್ರಿಯ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ? ನಾವೆಲ್ಲರೂ ಅನ್ಯರು ಬಾರಿಸಿದ ತಾಳಕ್ಕೆ ಹೆಜ್ಜೆಯಿಡುವವರೇ. ಈ ವಾರ ಅಂಥ ಒಂದು ಹೆಸರನ್ನಾದರೂ ಕೇಳಿ ತಿಳಿದು, ಊಟಕ್ಕೆ ಕುಳಿತಾಗ ಮಕ್ಕಳಿಗೆ ಹೇಳೋಣ.