ಪ್ರಯೋಗಶಾಲೆಯ ರಕ್ತವೂ ಸೂತಕದ ಶಂಕೆಯೂ

2022ರಲ್ಲಿ ಬ್ರಿಟನ್ನಿನ ವೈದ್ಯವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೆಂಪು ರಕ್ತಕಣಗಳನ್ನು, ಒಂದೆರಡು ಚಮಚೆಯಷ್ಟು ಮಾತ್ರ, ಸ್ವಯಂಸೇವಕರ ಶರೀರಕ್ಕೆ ಏರಿಸಿದರು. 1952ರಲ್ಲಿ ಮುಂಬಯಿಯಲ್ಲಿ ಕಂಡುಬಂದಂತಹ ವಿರಳ ರಕ್ತವರ್ಗದವರಿಗೆ ಹೊಂದುವ ರಕ್ತ ದೊರೆಯುವುದು ಬಲು ಕಷ್ಟ. ಅಂಥವರಿಗೆ ಮುಂದೆ ಇದು ಪ್ರಾಣಾಧಾರವಾದೀತೆಂಬ ಆಶೆಯುಂಟು. ಆದರೆ ‘ಕೃತಕ’ವೆಂಬ ಮಾತು ಕಿವಿಗೆ ಬಿದ್ದೊಡನೆ, ಇಷ್ಟಲಿಂಗವನ್ನು ಧರಿಸಿದ ಕಾಯಕ್ಕೆ ಇದು ಸಲ್ಲುವುದೇ ಎಂದು ಅಂಜುವವರೂ ಉಂಟು.

ಈ ಅಂಜಿಕೆಯನ್ನು ಬಿಡಿಸಿ ನೋಡಬೇಕು. ಅಪಾಯವಿದೆಯೇ ಎಂಬ ಅಂಜಿಕೆ ನ್ಯಾಯವಾದುದು. ಅದನ್ನು ಪರೀಕ್ಷೆಯೇ ಕಳೆಯಬೇಕು, ಭಕ್ತಿಯಲ್ಲ. ಮೈಲಿಗೆಯ ಅಂಜಿಕೆಯಾದರೋ ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಮನೆಯಲ್ಲಿ ನಿಲ್ಲಲಾರದು. ದಾನಿಯ ಕುಲವನ್ನು ಕೇಳದೆ ರಕ್ತ ಪಡೆಯುವವನು (ಕೇಳುವವರಿದ್ದರೆ ಅದು ನಾಚಿಕೆಯ ಮಾತು) ಪಾತ್ರೆಯ ಕುಲವನ್ನೇಕೆ ಕೇಳಬೇಕು?

ಅಲ್ಲದೆ ಆ ಕಣಗಳು ಶೂನ್ಯದಿಂದ ಹುಟ್ಟಿದವಲ್ಲ. ದಾನಿಯೊಬ್ಬನ ರಕ್ತದಿಂದ ಆಯ್ದ ಮೂಲಕೋಶಗಳನ್ನು ಪೋಷಕದ್ರವದಲ್ಲಿ ಸುಮಾರು ಮೂರು ವಾರ ಬೆಳೆಸಿ ಪಡೆದವು. ಒಬ್ಬನ ದಾಸೋಹವೇ ಅಲ್ಲಿ ಬಹುವಾಗುವುದು. ಆದಕಾರಣ ಇನ್ನು ರಕ್ತ ಕೊಡಬೇಕಿಲ್ಲವೆಂದು ಕೈ ಹಿಂದೆಗೆಯುವ ಗೃಹಸ್ಥನ ಲೆಕ್ಕ ತಪ್ಪು. ಆಸ್ಪತ್ರೆಯಲ್ಲಿ ರಕ್ತಸ್ರಾವದಿಂದ ಬಳಲುವ ಬಾಣಂತಿಗೆ ಬೇಕಾದುದು ಈ ಹೊತ್ತಿಗೂ ಮನುಷ್ಯನ ತೋಳಿನಿಂದಲೇ ಬರಬೇಕಾಗಿದೆ.