ಹೆಸರೂ ಕೆರೆಯೂ



ಶಾಲೆಯ ಹುಡುಗರನ್ನು ದುರ್ಗದ ಕೋಟೆ ನೋಡಲು ಕರೆದುಕೊಂಡು ಹೋದರೆ, ಕೆಲವರು ಮೊಳೆಯಿಂದಾಗಲಿ ಇದ್ದಲಿನಿಂದಾಗಲಿ ಬಂಡೆಯ ಮೇಲೆ ತಮ್ಮ ಹೆಸರುಗಳನ್ನು ಬರೆದು ಬರುವರು. ಉಪಾಧ್ಯಾಯರು ಗದರಿಸುವುದು ನ್ಯಾಯವೇ. ಆದರೂ ಆ ಮಕ್ಕಳ ಆಶೆಯನ್ನು ನಾವು ತಿರಸ್ಕರಿಸಬಾರದು. ನಾನು ಹೋದ ಮೇಲೆ ನನ್ನನ್ನು ಯಾರು ನೆನಸುವರು, ಏನೆಂದು ನೆನಸುವರು ಎಂಬ ಪ್ರಶ್ನೆಯು ಓದುವ ಪ್ರಾಯದಲ್ಲಿಯೇ ಹುಟ್ಟತಕ್ಕದ್ದು.

ಅಬ್ಷಾಲೋಮನಲ್ಲಿಯೂ ಅದು ಹುಟ್ಟಿತು. ತನ್ನ ಹೆಸರನ್ನು ಉಳಿಸುವ ಮಗನಿಲ್ಲವೆಂದು ಅವನು ತನಗಾಗಿ ಒಂದು ಕಂಬವನ್ನು ನಿಲ್ಲಿಸಿಕೊಂಡಿದ್ದನೆಂದು ಸಮುವೇಲನ ಎರಡನೆಯ ಪುಸ್ತಕದ 18ನೆಯ ಅಧ್ಯಾಯದಲ್ಲಿ ಓದುತ್ತೇವೆ. ತಂದೆಗೆ ವಿರೋಧವಾಗಿ ಎದ್ದ ಅವನ ಶವವನ್ನು ಅಡವಿಯ ಗುಂಡಿಯಲ್ಲಿ ಹಾಕಿ, ಮೇಲೆ ಕಲ್ಲುಗಳ ದೊಡ್ಡ ರಾಶಿಯನ್ನು ಮಾಡಿದ್ದೂ ಅದೇ ಅಧ್ಯಾಯದಲ್ಲಿದೆ. ತಾನು ನಿಲ್ಲಿಸಿಕೊಂಡ ಕಲ್ಲು ಒಂದು, ಜನರು ಹೇರಿದ ಕಲ್ಲುಗಳು ಅನೇಕ!

ಇನ್ನು ನಮ್ಮ ಭರಮಸಾಗರವನ್ನು ನೋಡಿರಿ. 1689 ರಿಂದ 1721 ರ ವರೆಗೆ ದುರ್ಗವನ್ನಾಳಿದ ಭರಮಣ್ಣನಾಯಕನ ಹೆಸರು ಈ ಕೆರೆಗೂ ಊರಿಗೂ ನಿಂತಿದೆ. ಅವನು ಮಾಡಿದ ಯುದ್ಧಗಳನ್ನು ಹೊಲದಲ್ಲಿ ಯಾರೂ ನೆನಸರು. ನೀರನ್ನಾದರೋ ದನಕಾಯುವ ಹುಡುಗನೂ ಬಲ್ಲನು. ಕೆರೆ ಬತ್ತಿದ ವರುಷಗಳನ್ನು ನಮ್ಮ ಹಿರಿಯರು ಮರೆತಿಲ್ಲ. 2021ರಲ್ಲಿ ತುಂಗಭದ್ರೆಯ ನೀರನ್ನು ಕೊಳವೆಗಳ ಮೂಲಕ ಎತ್ತಿ ತಂದು ಇದಕ್ಕೆ ತುಂಬಿಸಿದಾಗ ಏರಿಯ ಮೇಲೆ ನಿಂತವರ ಸಂತೋಷವನ್ನು ಏನೆಂದು ಹೇಳೋಣ!

ಆದರೆ ಆ ಏರಿಗೆ ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತವರು ಯಾರು? ನಾಯಕನ ಹೆಸರು ಉಳಿಯಿತು, ಅವರದು ಒಂದೂ ಉಳಿಯಲಿಲ್ಲ. ನಮ್ಮ ನಿಮ್ಮ ಪೂರ್ವಿಕರೂ ಅವರೊಳಗೆ ಇದ್ದಿರಬಹುದು. ಇದು ಅನ್ಯಾಯವೆಂದು ಒಬ್ಬ ವಿದ್ಯಾರ್ಥಿಯು ಹೇಳಿದರೆ ನಾನು ಅವನ ಬಾಯಿ ಮುಚ್ಚಿಸೆನು. ಮನುಷ್ಯರ ನೆನಪು ಹೀಗೆಯೇ ಪಕ್ಷಪಾತವುಳ್ಳದ್ದು. ಹೊತ್ತವರ ಲೆಕ್ಕವು ಕರ್ತನ ಬಳಿಯಲ್ಲಿದೆ ಎಂಬುದೇ ನಮ್ಮ ಧೈರ್ಯ.

ಆದುದರಿಂದ ತಂದೆತಾಯಿಗಳೇ, ಮಗನು ದೊಡ್ಡ ಅಧಿಕಾರಿಯಾಗಿ ಹೆಸರು ತರಬೇಕೆಂದು ಮಾತ್ರ ಬೋಧಿಸುವಿರೋ? ಯೊಪ್ಪ ಊರಿನ ದೊರ್ಕಳು ಕಂಬ ನಿಲ್ಲಿಸಲಿಲ್ಲ, ಕೆರೆ ಕಟ್ಟಿಸಲಿಲ್ಲ; ಅವಳ ಕೈಯಲ್ಲಿದ್ದದ್ದು ಸೂಜಿ. ಅವಳು ಸತ್ತಾಗ ಪೇತ್ರನ ಮುಂದೆ ಯಾರೂ ಅವಳ ಗುಣಗಳನ್ನು ಉಪನ್ಯಾಸ ಮಾಡಲಿಲ್ಲ. ಬರುವ ಭಾನುವಾರ ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯವನ್ನು ಮಕ್ಕಳಿಂದ ಓದಿಸಿ, ಅಳುತ್ತಾ ನಿಂತ ಆ ವಿಧವೆಯರು ಅವನಿಗೆ ಏನನ್ನು ತೋರಿಸಿದರೆಂದು ಕೇಳಿರಿ. ಉತ್ತರವನ್ನು ಅವರೇ ಹೇಳಲಿ.