ಬಿಟ್ಟ ಮೆಟ್ಟಿಲಿನಿಂದಲೇ

ಸಂಡೂರು ಸೀಮೆಯ ಬಾಲಕಿಯೊಬ್ಬಳು ಕೂಲಿಗೆ ಹೊರಟ ತಾಯಿಯೊಡನೆ ಕಂಪ್ಲಿಯ ಭತ್ತದ ಗದ್ದೆಗಳಿಗೆ ಹೋಗಿ ಬರುವಷ್ಟರಲ್ಲಿ ತರಗತಿ ಮುಂದೆ ಸಾಗಿರುತ್ತಿತ್ತು. ಆಕೆ ಹಿಂದೆ ತಲೆತಗ್ಗಿಸಿ ಕೂರುತ್ತಿದ್ದಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂದಾಗ ಅವಳ ಪಾಡು ಬದಲಾಯಿತು. ಗುಂಪಿನೊಡನೆ ನೆಲದ ಮೇಲೆ ಕುಳಿತು, ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲನ್ನು ಹುಡುಕಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡಳು. ಏಣಿ ಅವಳಿಗಾಗಿ ಕಾದಿತ್ತು.

ಪ್ರಿಯ ಓದುಗರೇ, ಬೇಗ ಕಲಿತವರಿಗೆ ಇದರಿಂದ ಅನ್ಯಾಯವಾಯಿತೇ? ದ್ರಾಕ್ಷಾತೋಟಕ್ಕೆ ಸಂಜೆ ಬಂದವರಿಗೂ ಪೂರ್ಣ ಕೂಲಿ ದೊರೆತಾಗ ಮೊದಲು ಬಂದವರು ಗೊಣಗಿದರು. ಆದರೆ ಅವರ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಅಂಕಪಟ್ಟಿಯಿಂದ ಮಕ್ಕಳನ್ನು ತೂಗುವ ನಾವು, ನಮ್ಮ ಮನೆಯ ನಿಧಾನಿ ಮಗುವಿಗಾಗಿ ಕಾಯಬಲ್ಲೆವೇ? ದೇವರು ನಮಗಾಗಿ ಕಾದಿದ್ದಾರೆ.